ಓದಿನ ಜೊತೆಗೆ ಇನ್ನೇನು ಕಲಿಯಬೇಕು? ಗಂಗೋತ್ರಿಗೆ ಹೊಸದಾಗಿ ಬಂದವನ ಪ್ರಶ್ನೆ

ನಾಗಮಂಗಲದ ಹುಡುಗ

ಎಲ್ಲರಿಗೂ ನಮಸ್ಕಾರ. ನಾಗಮಂಗಲ ಕಡೆಯ ಹಳ್ಳಿಯವನು ನಾನು. ಈ ವರ್ಷ ಮೈಸೂರು ವಿಶ್ವವಿದ್ಯಾಲಯದ ಕ್ಯಾಂಪಸ್ ಮಾನಸಗಂಗೋತ್ರಿಯಲ್ಲಿ ಎಂ.ಎ.ಗೆ ಸೇರಿದ್ದೇನೆ. ಹಾಸ್ಟೆಲ್‌ನಲ್ಲಿದ್ದೇನೆ. ಪಾಠ ಚೆನ್ನಾಗಿ ನಡೆಯುತ್ತಿದೆ. ನಾನು ಕೇಳಬೇಕಿರುವುದು ಬೇರೆ.

ಡಿಗ್ರಿ ಕೊನೆಯ ವರ್ಷದಲ್ಲಿ ನನಗೆ ಸ್ಕಾಲರ್‌ಶಿಪ್ ಮಂಜೂರಾಗಿದೆ ಎಂದು ಮೊಬೈಲ್‌ಗೆ ಮೆಸೇಜ್ ಬಂತು. ಖಾತೆಗೆ ದುಡ್ಡು ಬರಲಿಲ್ಲ. ಮೂರು ತಿಂಗಳು ಕಾದೆ. ಅಪ್ಪ ಕೆಲಸ ಬಿಟ್ಟು ಎರಡು ಸಲ ಬ್ಯಾಂಕಿಗೆ ಹೋಗಿ ಬಂದರು. ಅರ್ಜಿ ತುಂಬಿದ್ದು ನಾನಲ್ಲ, ಸೈಬರ್ ಸೆಂಟರ್‌ನವರು. ನಾನು ದಾಖಲೆ ಕೊಟ್ಟು, ಓಟಿಪಿ ಹೇಳಿ ಎದ್ದು ಬಂದಿದ್ದೆ. ಎಲ್ಲಿ ತಪ್ಪಾಗಿದೆ ಎಂದು ಅಪ್ಪ ಕೇಳಿದಾಗ ನನ್ನ ಹತ್ತಿರ ಉತ್ತರವೇ ಇರಲಿಲ್ಲ. ಆ ದುಡ್ಡು ಇವತ್ತಿಗೂ ಬಂದಿಲ್ಲ.

ಅವತ್ತಿನಿಂದ ಒಂದು ವಿಷಯ ತಲೆಯಲ್ಲಿ ಕೂತಿದೆ. ಶರ್ಟಿನ ಗುಂಡಿ ಕಿತ್ತುಹೋದರೆ ಊರಿಗೆ ಹೋದಾಗ ಅಮ್ಮನ ಕೈಗೆ ಕೊಡುತ್ತೇನೆ. ಅನ್ನಕ್ಕೆ ಇಡಲು ಬರುವುದಿಲ್ಲ. ಹತ್ತು ಜನರ ಮುಂದೆ ನಿಂತರೆ ಮಾತು ಹೊರಡುವುದಿಲ್ಲ. ಎರಡು ವರ್ಷ ಬೇಗ ಮುಗಿದುಹೋಗುತ್ತದೆ, ಅಷ್ಟರಲ್ಲಿ ಇವನ್ನೆಲ್ಲ ಕಲಿಯಬೇಕು. ಕ್ಯಾಂಪಸ್‌ನಲ್ಲಿ ಎನ್ಎಸ್ಎಸ್ (ರಾಷ್ಟ್ರೀಯ ಸೇವಾ ಯೋಜನೆ), ನಾಟಕ ಎಲ್ಲ ಇದೆ ಅಂತಾರೆ. ಎಲ್ಲಿಂದ ಶುರು ಮಾಡಲಿ? ನೀವೆಲ್ಲ ಏನು ಕಲಿತಿರಿ, ಏನು ಗೊತ್ತಿಲ್ಲದೆ ಕಷ್ಟಪಟ್ಟಿರಿ, ದಯವಿಟ್ಟು ಹೇಳಿ.

ನಿವೃತ್ತ ಬ್ಯಾಂಕ್ ನೌಕರ, ಕುವೆಂಪುನಗರ

ಮಗು, ಮೊದಲು ನಿನ್ನ ದುಡ್ಡಿನ ವಿಷಯ. ಅದು ಕಳೆದುಹೋಗಿರಲಿಕ್ಕಿಲ್ಲ, ಬೇರೆ ಖಾತೆಗೆ ಹೋಗಿರಬಹುದು.

ಕೌಂಟರ್‌ನಲ್ಲಿ ಕೂತು ನೂರಾರು ಮಕ್ಕಳಿಗೆ ಹೇಳಿದ ಮಾತಿದು. ಬ್ಯಾಂಕಿಗೆ ಆಧಾರ್ ಜೆರಾಕ್ಸ್ ಕೊಡುವುದು ಒಂದು ಕೆಲಸ. ಸರ್ಕಾರದ ದುಡ್ಡು ಬರಲಿ ಎಂದು ಖಾತೆಗೆ ಆಧಾರ್ ಸೀಡಿಂಗ್, ಅಂದರೆ ಜೋಡಣೆ, ಮಾಡಿಸುವುದು ಇನ್ನೊಂದು ಕೆಲಸ. ಎರಡನೆಯದಕ್ಕೆ ಬೇರೆ ಒಪ್ಪಿಗೆ ಕೊಡಬೇಕು. ನಿನಗೆ ನಾಲ್ಕು ಖಾತೆ ಇರಬಹುದು, ಆಧಾರ್ ಮೂಲಕ ಬರುವ ದುಡ್ಡು ಮಾತ್ರ ಒಂದೇ ಖಾತೆಗೆ ಹೋಗುತ್ತದೆ. ಕೊನೆಯದಾಗಿ ಯಾವುದಕ್ಕೆ ಸೀಡಿಂಗ್ ಆಗಿದೆಯೋ ಅದಕ್ಕೆ. ಅರ್ಜಿಯಲ್ಲಿ ಬೇರೆ ಪಾಸ್‌ಬುಕ್ ನಂಬರ್ ಬರೆದಿದ್ದರೂ ಅಷ್ಟೆ.

ಇವತ್ತೇ ಮೈ ಆಧಾರ್ ಪೋರ್ಟಲ್‌ಗೆ ಹೋಗು. ಆಧಾರ್ ನಂಬರ್ ಹಾಕಿ, ಓಟಿಪಿ ಕೊಟ್ಟು ಒಳಗೆ ಹೋದರೆ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ಅಂತ ಇರುತ್ತದೆ. ಅಲ್ಲಿ ಒಂದು ಬ್ಯಾಂಕಿನ ಹೆಸರು ಕಾಣುತ್ತದೆ. ಅದು ನೀನು ಬಳಸುವ ಬ್ಯಾಂಕೇನಾ ನೋಡು. ಐದು ನಿಮಿಷದ ಕೆಲಸ.

ಇನ್ನೊಂದು ಮಾತು. ಅರ್ಜಿ ತುಂಬಲು ಸೈಬರ್ ಸೆಂಟರ್‌ಗೆ ಹೋಗುವುದು ತಪ್ಪಲ್ಲ. ಕೊಟ್ಟು ಎದ್ದು ಬರಬೇಡ, ಪಕ್ಕದಲ್ಲೇ ಕೂತು ನೋಡು. ಒಂದೊಂದು ಕಾಲಂನಲ್ಲೂ ಏನು ಬರೆದರು, ಯಾಕೆ ಬರೆದರು ಅಂತ ಕೇಳು. ಜಾತಿ, ಆದಾಯ ಪ್ರಮಾಣಪತ್ರದ ಆರ್.ಡಿ. ನಂಬರ್, ರಾಜ್ಯ ಸ್ಕಾಲರ್‌ಶಿಪ್ ಪೋರ್ಟಲ್‌ನ (ಎಸ್ಎಸ್‌ಪಿ) ಐಡಿ, ಪಾಸ್‌ವರ್ಡ್ ಎಲ್ಲ ನಿನ್ನ ಪುಸ್ತಕದಲ್ಲಿರಲಿ. ಆದಾಯ ಪ್ರಮಾಣಪತ್ರ 5 ವರ್ಷಕ್ಕೆ ಮುಗಿಯುತ್ತದೆ, ಆ ತಾರೀಕನ್ನೂ ಬರೆದಿಡು. ಮುಂದಿನ ವರ್ಷದ ಅರ್ಜಿ ನೀನೇ ತುಂಬು.

ಗಂಗೋತ್ರಿ ಹಳಬ

ಸರ್ ಹೇಳಿದ್ದು ಸರಿಯಾಗಿದೆ. ನಾನು ಇಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ಎಂ.ಎ. ಸೇರಿಸಿ ಗಂಗೋತ್ರಿಯಲ್ಲಿ ಇದು ಏಳನೇ ವರ್ಷ.

ತಮ್ಮ, ನಿನ್ನ ಹಾಗೇ ನಾನೂ ಬಂದೆ. ನನಗೆ ಮೊದಲ ಪಾಠ ಆಗಿದ್ದು ರೂಮ್ ಬಾಡಿಗೆಯಲ್ಲಿ. ಹಾಸ್ಟೆಲ್ ಸಿಗದೆ ಪಡುವಾರಹಳ್ಳಿಯಲ್ಲಿ ಮೂವರು ಸೇರಿ ರೂಮ್ ಮಾಡಿದ್ದೆವು. ಬಾಯಿಮಾತಿನಲ್ಲಿ ಅಡ್ವಾನ್ಸ್ ಕೊಟ್ಟೆವು. ಬಿಡುವಾಗ ಗೋಡೆ ಹಾಳಾಗಿದೆ, ನಲ್ಲಿ ಮುರಿದಿದೆ ಅಂತ ಅರ್ಧ ದುಡ್ಡು ಹಿಡಿದುಕೊಂಡರು. ಗೋಡೆ ನಾವು ಹೋಗುವ ಮೊದಲೇ ಹಾಗಿತ್ತು. ಅದನ್ನು ತೋರಿಸಲು ನಮ್ಮ ಹತ್ತಿರ ಏನೂ ಇರಲಿಲ್ಲ.

ಈಗ ಹೊಸಬರಿಗೆ ನಾನು ಹೇಳುವುದಿಷ್ಟು. ಸಾಮಾನು ಇಳಿಸುವ ಮೊದಲು ರೂಮಿನ ನಾಲ್ಕು ಗೋಡೆ, ಬಚ್ಚಲು, ನಲ್ಲಿ, ಸ್ವಿಚ್, ಕಿಟಕಿ ಗಾಜು ಎಲ್ಲದರ ಫೋಟೋ ತೆಗೆದು ಅವತ್ತೇ ಓನರ್‌ಗೆ ವಾಟ್ಸಾಪ್ ಮಾಡಿ. ಕರೆಂಟ್ ಮೀಟರ್ ರೀಡಿಂಗ್ ಕೂಡ. ಅಡ್ವಾನ್ಸನ್ನು ಕೈಯಲ್ಲಿ ಕೊಡಬೇಡಿ, ಖಾತೆಗೆ ಹಾಕಿ. ಅಗ್ರಿಮೆಂಟ್ ಮಾಡಿಸಿ, ಒಂದು ಪ್ರತಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಎಲ್ಲರೂ ಯಾಕೆ 11 ತಿಂಗಳಿಗೇ ಬರೆಯುತ್ತಾರೆ ಗೊತ್ತಾ? ಒಂದು ವರ್ಷ ದಾಟುವ ಬಾಡಿಗೆ ಕರಾರನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಬೇಕು. ಅದಕ್ಕೇ 11. ಬಿಡುವಾಗ ಎಷ್ಟು ದಿನ ಮೊದಲು ಹೇಳಬೇಕು, ಸುಣ್ಣಬಣ್ಣಕ್ಕೆ ಎಷ್ಟು ಹಿಡಿಯುತ್ತಾರೆ, ಈ ಎರಡನ್ನು ಓದದೆ ಸಹಿ ಹಾಕಬೇಡಿ.

ರೀಡಿಂಗ್ ರೂಮ್ ಎರಡನೇ ಬೆಂಚು

ಬೇಜಾರು ಮಾಡಿಕೊಳ್ಳಬೇಡಿ, ನನ್ನ ಅಭಿಪ್ರಾಯ ಬೇರೆ. ನಾನು ಕೆಎಎಸ್‌ಗೆ ಓದುತ್ತಿದ್ದೇನೆ. ಬೆಳಗ್ಗೆ 7ಕ್ಕೆ ಬಂದು ರಾತ್ರಿ 9ಕ್ಕೆ ಎದ್ದು ಹೋಗುತ್ತೇನೆ. ನಮ್ಮಂಥ ಮನೆಯಿಂದ ಬಂದವರಿಗೆ ಒಂದು ಕೆಲಸ ಸಿಗುವುದು ಮುಖ್ಯ. ಅಡುಗೆ, ಗುಂಡಿ ಹಾಕುವುದು, ನಾಟಕ ಎಲ್ಲ ಕೆಲಸ ಸಿಕ್ಕ ಮೇಲೂ ಕಲಿಯಬಹುದು. ಕೆಎಎಸ್, ಎಫ್‌ಡಿಎಯಂಥ ಪರೀಕ್ಷೆಗೆ ವಯಸ್ಸು ಕಾಯುವುದಿಲ್ಲ. ನಾಗಮಂಗಲದ ತಮ್ಮ, ಎರಡು ವರ್ಷ ತಲೆ ಬಗ್ಗಿಸಿ ಓದು. ಕಾಳಜಿಯಿಂದಲೇ ಹೇಳುತ್ತಿದ್ದೇನೆ.

ಮಂಡ್ಯದಿಂದ ದಿನಾ ಬರುವವಳು

ನನ್ನದೂ ಒಂದು ಮಾತು. ಇಂಥ ಚರ್ಚೆಯಲ್ಲಿ ಯಾವಾಗಲೂ ಹಾಸ್ಟೆಲ್‌ನವರ ಲೆಕ್ಕವೇ ಇರುತ್ತದೆ. ನಾನು ದಿನಾ ಮಂಡ್ಯದಿಂದ ಬಂದು ಹೋಗುತ್ತೇನೆ. ಸುಮಾರು 45 ಕಿಲೋಮೀಟರ್. ಬೆಳಗ್ಗೆ ರೈಲು, ಸಂಜೆ ಯಾವುದು ಮೊದಲು ಸಿಗುತ್ತದೋ ಅದು. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನ ಖರ್ಚು ಉಳಿದಿದೆ. ಆ ದುಡ್ಡಿನಲ್ಲಿ ನಾನು ಪುಸ್ತಕ ತಗೊಳ್ಳುತ್ತೇನೆ, ಇದನ್ನು ಖುಷಿಯಿಂದ ಹೇಳುತ್ತೇನೆ. ಸಮಯ ಮಾತ್ರ ಉಳಿಯುವುದಿಲ್ಲ. ನಾಟಕದ ರಿಹರ್ಸಲ್ ಸಂಜೆ 6ಕ್ಕೆ ಅಂದರೆ ನಾನು ಇರುವುದಕ್ಕೆ ಆಗುವುದಿಲ್ಲ. ಕತ್ತಲಾದ ಮೇಲೆ ಮನೆಯಲ್ಲಿ ಕಾಯುತ್ತಾ ಕೂತಿರುತ್ತಾರೆ.

ಕೆಎಎಸ್ ಓದುವ ಅಣ್ಣ, ನಿಮ್ಮ ಕಷ್ಟ ಅರ್ಥವಾಗುತ್ತದೆ. ಆದರೆ ಅಡುಗೆ ಆಮೇಲೆ ಕಲಿಯಬಹುದು ಅಂದಿರಿ. ನನಗೆ ಯಾರೂ ಹಾಗೆ ಹೇಳಲಿಲ್ಲ. ಹತ್ತನೇ ಕ್ಲಾಸಿನಿಂದ ಬೆಳಗ್ಗೆ ತಿಂಡಿ ಮಾಡಿಟ್ಟೇ ಓದಲು ಹೊರಟಿದ್ದೇನೆ. ನನ್ನ ತಮ್ಮನಿಗೆ ಆ ಕೆಲಸ ಕಲಿಸಲಿಲ್ಲ. ಇದನ್ನು ಯೋಚಿಸಿ ನೋಡಿ, ಅಷ್ಟೇ.

ನನಗೆ ಬೇಕಿರುವುದು ಬೇರೆ. ಸ್ಕೂಟಿ ಪಂಕ್ಚರ್ ಆದರೆ ಏನು ಮಾಡಬೇಕು, ಮನೆಯಲ್ಲಿ ಕರೆಂಟ್ ಟ್ರಿಪ್ ಆದರೆ ಎಲ್ಲಿ ನೋಡಬೇಕು, ಇಂಥವು. ಯಾರಾದರೂ ಮಧ್ಯಾಹ್ನ ಊಟದ ಬಿಡುವಿನಲ್ಲಿ ಕಲಿಸಿದರೆ ನಾನು ಖಂಡಿತ ಬರುತ್ತೇನೆ.

ರಂಗದ ಹಿಂದೆ

ಅಕ್ಕ, ನಿಮ್ಮ ಮಾತು ಮನಸ್ಸಿಗೆ ತಟ್ಟಿತು. ರಿಹರ್ಸಲ್ ಹೊತ್ತಿನ ಬಗ್ಗೆ ನಮ್ಮ ತಂಡದಲ್ಲಿ ಮಾತಾಡುತ್ತೇನೆ. ಕರೆಂಟಿನ ವಿಷಯ ನಾನು ಹೇಳಿಕೊಡಬಲ್ಲೆ, ನಾಟಕದಿಂದಲೇ ಕಲಿತದ್ದು.

ನಾನು ಒಂದು ದಿನವೂ ಬಣ್ಣ ಹಚ್ಚಿದವನಲ್ಲ. ಮೂರು ವರ್ಷ ಲೈಟಿನವರ ಜೊತೆ ಏಣಿ ಹಿಡಿದು ನಿಂತಿದ್ದೇನೆ. ನಮ್ಮ ಪುಣ್ಯ, ಮೈಸೂರಿನಲ್ಲೇ ರಂಗಾಯಣ ಇದೆ. 1989ರಲ್ಲಿ ಶುರುವಾಯಿತು, ಬಿ.ವಿ. ಕಾರಂತರು ಮೊದಲ ನಿರ್ದೇಶಕರು. ಗಂಗೋತ್ರಿಯಿಂದ ದೂರವೇನಿಲ್ಲ. ಕಲಾಮಂದಿರದ ಆವರಣದಲ್ಲಿ ಭೂಮಿಗೀತ ರಂಗಮಂದಿರ ಇದೆ, ಅಲ್ಲಿ ಒಂದು ನಾಟಕ ನೋಡಿ ಬನ್ನಿ. ನೋಡುವಾಗ ನಟರನ್ನು ಮಾತ್ರ ನೋಡಬೇಡಿ. ಎಷ್ಟು ಜನ ಕಾಣದೆ ಕೆಲಸ ಮಾಡುತ್ತಿದ್ದಾರೆ, ಅದನ್ನೂ ನೋಡಿ.

ತ್ರೀ ಪಿನ್ ಪ್ಲಗ್‌ಗೆ ವೈರ್ ಹಾಕುವುದು ನನಗೆ ಅಲ್ಲಿಯೇ ಬಂತು. ದಪ್ಪಗೆ ಉದ್ದ ಇರುವ ಪಿನ್ ಅರ್ಥಿಂಗ್, ಅದಕ್ಕೆ ಹಸಿರು ವೈರ್. ಪ್ಲಗ್ ಚುಚ್ಚುವಾಗ ಬೇರೆ ಎರಡಕ್ಕಿಂತ ಮೊದಲು ಅರ್ಥಿಂಗ್ ತಾಗಲಿ ಎಂದೇ ಆ ಪಿನ್ ಉದ್ದ ಇರುತ್ತದೆ. ಇದು ಗೊತ್ತಾದ ದಿನ ನನಗೆ ಆದ ಸಂತೋಷ ಇನ್ನೂ ನೆನಪಿದೆ. ಮನೆಯಲ್ಲಿ ಎಂಸಿಬಿ, ಅಂದರೆ ಟ್ರಿಪ್ ಆಗುವ ಸ್ವಿಚ್, ಮತ್ತೆ ಮತ್ತೆ ಬಿದ್ದರೆ ಸುಮ್ನೆ ಎತ್ತಬೇಡಿ. ಎಲ್ಲ ಪ್ಲಗ್ ತೆಗೆದು, ಎಂಸಿಬಿ ಎತ್ತಿ, ಒಂದೊಂದಾಗಿ ಹಾಕಿ ನೋಡಿ. ಯಾವುದನ್ನು ಹಾಕಿದಾಗ ಬೀಳುತ್ತದೋ ತೊಂದರೆ ಅದರಲ್ಲಿದೆ. ಎಲ್ಲ ತೆಗೆದ ಮೇಲೂ ಬಿದ್ದರೆ ನೀವು ಕೈ ಹಾಕಬೇಡಿ, ಎಲೆಕ್ಟ್ರಿಷಿಯನ್ ಕರೆಸಿ.

ಜನರ ಮುಂದೆ ಮಾತು ಬರುವುದಿಲ್ಲ ಎಂದ ತಮ್ಮನಿಗೆ: ಮೊದಲ ದಿನವೇ ಮೈಕ್ ಹಿಡಿಯಬೇಡ. ಕಾರ್ಯಕ್ರಮದಲ್ಲಿ ಕುರ್ಚಿ ಹಾಕುವವರ ಜೊತೆ ಸೇರು. ದಸರಾಗೆ ಮುಂಚೆ ನಮ್ಮ ಬಯಲು ರಂಗಮಂದಿರದಲ್ಲಿ ಯುವ ಸಂಭ್ರಮ ನಡೆಯುತ್ತದಲ್ಲ, ಆಗ ಬೇರೆ ಬೇರೆ ಊರಿನ ಕಾಲೇಜು ತಂಡಗಳು ಬರುತ್ತವೆ. ನೀರೆಲ್ಲಿ, ಬಟ್ಟೆ ಬದಲಾಯಿಸುವುದೆಲ್ಲಿ ಅಂತ ನಿನ್ನನ್ನೇ ಕೇಳುತ್ತಾರೆ. ಗುರುತಿಲ್ಲದವರ ಜೊತೆ ಮಾತಾಡಿ ಅಭ್ಯಾಸವಾದರೆ ಮೈಕಿನ ಭಯ ಅರ್ಧ ಹೋಗುತ್ತದೆ.

ಎನ್ಎಸ್ಎಸ್ ಅಕ್ಕ

ಎನ್ಎಸ್ಎಸ್ ಬಗ್ಗೆ ಕೇಳಿದೆಯಲ್ಲ ತಮ್ಮ. 1969ರ ಸೆಪ್ಟೆಂಬರ್ 24ರಂದು, ಗಾಂಧೀಜಿ ಹುಟ್ಟಿ ನೂರು ವರ್ಷವಾದಾಗ ಶುರುವಾದದ್ದು. ಎರಡು ವರ್ಷದಲ್ಲಿ 240 ಗಂಟೆ ಸೇವೆ, ಜೊತೆಗೆ 7 ದಿನದ ವಿಶೇಷ ಶಿಬಿರ. ತುಂಬಾ ಜನ ಸರ್ಟಿಫಿಕೇಟ್‌ಗೆ ಅಂತ ಸೇರುತ್ತಾರೆ. ಸೇರಲಿ. ಶಿಬಿರಕ್ಕೆ ಮಾತ್ರ ತಪ್ಪಿಸಬಾರದು.

ಡಿಗ್ರಿಯಲ್ಲಿದ್ದಾಗ ನಮ್ಮ ಶಿಬಿರ ಪಾಂಡವಪುರ ತಾಲೂಕಿನ ಒಂದು ಹಳ್ಳಿಯಲ್ಲಿ ಆಯಿತು. 50 ಜನ. ನನಗೆ ಉಗ್ರಾಣದ ಕೆಲಸ ಕೊಟ್ಟರು. ಮೊದಲ ರಾತ್ರಿ ಅಂದಾಜು ಇಲ್ಲದೆ 10 ಕೆಜಿ ಅಕ್ಕಿ ಅಳೆದು ಕೊಟ್ಟೆ. ಎರಡು ದೊಡ್ಡ ಪಾತ್ರೆ ಅನ್ನ ಉಳಿಯಿತು. ಆ ಊರಿನ ಒಬ್ಬ ಅಜ್ಜಿ ಬಂದು ನೋಡಿ, ಬೈಯಲಿಲ್ಲ. ಪಾತ್ರೆಗೆ ನೀರು ಸುರಿದು ಮುಚ್ಚಿಟ್ಟು, ಬೆಳಗ್ಗೆ ಮಜ್ಜಿಗೆ, ಈರುಳ್ಳಿ, ಉಪ್ಪು ಹಾಕಿ ಕಲಸಿ ಎಲ್ಲರಿಗೂ ಬಡಿಸಿದರು. ಆಮೇಲೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಳತೆ ಹೇಳಿಕೊಟ್ಟರು. ಮುದ್ದೆ ಇಲ್ಲದ ಊಟಕ್ಕೆ ತಲೆಗೆ ಒಂದು ಹಿಡಿ ತುಂಬ ಅಕ್ಕಿ, ಹತ್ತು ಜನಕ್ಕೆ ಒಂದು ಹಿಡಿ ಜಾಸ್ತಿ. ಅವರ ಹಿಡಿಯನ್ನು ತಕ್ಕಡಿಯಲ್ಲಿ ಹಾಕಿ ನೋಡಿದೆ, 100 ಗ್ರಾಂ ಹತ್ತಿರ ಬಂತು. ಮಾರನೆಯ ದಿನದಿಂದ ಅನ್ನ ದಂಡವಾಗಲಿಲ್ಲ. ಏಳೂ ದಿನದ ಲೆಕ್ಕ ನಾನೇ ಬರೆದೆ. ಈಗ ಮನೆಯ ತಿಂಗಳ ಖರ್ಚೂ ಅದೇ ರೀತಿ ಬರೆಯುತ್ತೇನೆ.

ರೀಡಿಂಗ್ ರೂಮ್ ತಮ್ಮ, ನೀನು ಓದುವುದನ್ನು ಬಿಡು ಅಂತ ಯಾರೂ ಹೇಳುತ್ತಿಲ್ಲ. ನಾಳೆ ನೀನು ತಹಶೀಲ್ದಾರ್ ಆಗಬೇಕು, ನಮಗೂ ಅದೇ ಆಸೆ. ಅವತ್ತು ನಿನ್ನ ಮುಂದೆ ಬಂದು ನಿಲ್ಲುವವರು ಆ ಅಜ್ಜಿಯಂಥವರು. ಅವರ ಜೊತೆ ಏಳು ದಿನ ಇದ್ದು ಬಂದರೆ ನಿನಗೂ ಬೇಕಾಗುತ್ತದೆ ಅಲ್ವಾ?

ವಾರ್ಡಿನಲ್ಲಿ ಕೆಲಸ ಮಾಡುವವಳು

ನಾನು ಮೈಸೂರಿನಲ್ಲಿ ಸ್ಟಾಫ್ ನರ್ಸ್. ಇಲ್ಲಿಯವರೆಗೆ ಯಾರೂ ಆರೋಗ್ಯದ ಮಾತು ಎತ್ತಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮಳೆಗಾಲದಲ್ಲಿ ರೂಮ್ ಮಾಡಿಕೊಂಡಿರುವ ಹುಡುಗರು ಜ್ವರ ಅಂತ ನಾಲ್ಕನೇ ದಿನ, ಐದನೇ ದಿನ ಬರುತ್ತಾರೆ. ಅಷ್ಟರಲ್ಲಿ ಮೆಡಿಕಲ್ ಸ್ಟೋರ್‌ನಲ್ಲಿ ಕೇಳಿ ನೋವಿನ ಮಾತ್ರೆ ನುಂಗಿರುತ್ತಾರೆ. ಡೆಂಗ್ಯೂ ಇದ್ದರೆ ಐಬುಪ್ರೊಫೆನ್, ಆಸ್ಪಿರಿನ್ ಅಪಾಯ, ರಕ್ತಸ್ರಾವ ಜಾಸ್ತಿಯಾಗಬಹುದು. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು, ಅದನ್ನೂ ಹೇಳಿದ ಅಳತೆಯಲ್ಲಿ. ಎರಡು ದಿನ ದಾಟಿದರೆ ಡಾಕ್ಟರ ಹತ್ತಿರ ಹೋಗಿ. ಜ್ವರ ಬಿಟ್ಟ ಮೇಲೆ ಹೊಟ್ಟೆನೋವು, ವಾಂತಿ ಶುರುವಾದರೆ ಒಂದು ಗಂಟೆಯನ್ನೂ ಕಾಯಬೇಡಿ.

ಭೇದಿಯಾದರೆ ಓಆರ್‌ಎಸ್ ಪೊಟ್ಟಣ ಸಿಗುವವರೆಗೆ ಮನೆಯಲ್ಲೇ ಮಾಡಿಕೊಳ್ಳಿ. ಕಾಯಿಸಿ ಆರಿಸಿದ ಒಂದು ಲೀಟರ್ ನೀರು, ಮಟ್ಟಸವಾಗಿ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಜಾಸ್ತಿ ಹಾಕಬಾರದು. ಸುಟ್ಟಗಾಯಕ್ಕೆ ಟೂತ್‌ಪೇಸ್ಟ್ ಬೇಡ, ನಲ್ಲಿ ನೀರಿನ ಕೆಳಗೆ 20 ನಿಮಿಷ ಹಿಡಿಯಿರಿ.

ಇನ್ನೊಂದು ನಂಬರ್ ಎಲ್ಲರ ಫೋನಿನಲ್ಲೂ ಇರಲಿ: 14416, ಟೆಲಿ ಮಾನಸ್. ಮನಸ್ಸಿಗೆ ತೀರಾ ಕಷ್ಟವಾದಾಗ ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಪಕ್ಕದ ರೂಮಿನವನು ಊಟಕ್ಕೆ ಬರುತ್ತಿಲ್ಲ, ಮಾತಾಡುತ್ತಿಲ್ಲ ಅಂದರೆ ಬಾಗಿಲು ತಟ್ಟಿ ಕೇಳಿ. ಕೈಮುಗಿದು ಕೇಳಿಕೊಳ್ಳುತ್ತೇನೆ.

ರೀಡಿಂಗ್ ರೂಮ್ ಎರಡನೇ ಬೆಂಚು

ಎಲ್ಲರ ಮಾತನ್ನೂ ಓದಿದೆ. ಮಂಡ್ಯದ ಅಕ್ಕ ಹೇಳಿದ್ದನ್ನು ಎರಡು ಸಲ ಓದಿದೆ. ನಮ್ಮ ಮನೆಯಲ್ಲೂ ತಂಗಿ ಇದ್ದಾಳೆ.

ಒಂದು ವಿಷಯ ನಾನೂ ಹೇಳಬೇಕು. ಹೋದ ತಿಂಗಳು ಹಳೇ ಸೈಕಲ್ ಮಾರಲು ಆನ್‌ಲೈನ್‌ನಲ್ಲಿ ಹಾಕಿದ್ದೆ. ಒಬ್ಬ ಫೋನ್ ಮಾಡಿ, ಅಡ್ವಾನ್ಸ್ ಕಳಿಸುತ್ತೇನೆ, ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ ಅಂದ. ಹಾಕಿದೆ. 4,000 ರೂಪಾಯಿ ಹೋಯಿತು. ಮನೆಯಿಂದ ಬಂದಿದ್ದ ದುಡ್ಡು. ಪರೀಕ್ಷೆಗೆ ಎಷ್ಟೊಂದು ಓದಿದ್ದೇನೆ, ದುಡ್ಡು ಬರುವುದಕ್ಕೆ ಪಿನ್ ಹಾಕುವ ಅಗತ್ಯವೇ ಇಲ್ಲ ಅನ್ನುವುದು ಗೊತ್ತಿರಲಿಲ್ಲ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು ಅಂತ ತಿಳಿದಿದ್ದು ಎರಡು ದಿನ ಆದ ಮೇಲೆ. ಇದನ್ನು ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲ.

ವಾರಕ್ಕೆ ಒಂದು ಗಂಟೆ ಬಿಡುವು ಮಾಡಿಕೊಳ್ಳಬಹುದು. ಯಾರಾದರೂ ಮುಂದೆ ಬಂದರೆ ನಾನೂ ಬರುತ್ತೇನೆ.

ನಿವೃತ್ತ ಬ್ಯಾಂಕ್ ನೌಕರ, ಕುವೆಂಪುನಗರ

ಹೇಳಿದ್ದು ಒಳ್ಳೆಯದಾಯಿತು ಮಗು. ಮೋಸ ಹೋದವರು ಬಾಯಿ ಮುಚ್ಚಿಕೊಂಡಿದ್ದರೆ ಮೋಸ ಮಾಡುವವರಿಗೆ ಅನುಕೂಲ. ಎಲ್ಲರೂ ನೆನಪಿಡಿ. ಪಿನ್ ಹಾಕಿದರೆ ದುಡ್ಡು ನಮ್ಮ ಖಾತೆಯಿಂದ ಹೊರಗೆ ಹೋಗುತ್ತದೆ. 1930ಕ್ಕೆ ಎಷ್ಟು ಬೇಗ ಫೋನ್ ಮಾಡುತ್ತೀರೋ, ದುಡ್ಡು ಮುಂದೆ ಹೋಗದಂತೆ ತಡೆಯುವ ಸಾಧ್ಯತೆ ಅಷ್ಟು ಜಾಸ್ತಿ. ಶನಿವಾರ ಕೂರುವುದಾದರೆ ನಾನು ಬಂದು ಅರ್ಜಿ ತುಂಬುವುದು ಹೇಳಿಕೊಡುತ್ತೇನೆ. ಹೇಗೂ ಕುಕ್ಕರಹಳ್ಳಿ ಕೆರೆಗೆ ದಿನಾ ವಾಕಿಂಗ್ ಬರುತ್ತೇನೆ.

ನಾಗಮಂಗಲದ ಹುಡುಗ

ಎರಡು ವಾರ ಆದ ಮೇಲೆ ಬರೆಯುತ್ತಿದ್ದೇನೆ. ಎಲ್ಲರಿಗೂ ತುಂಬಾ ಧನ್ಯವಾದ.

ದುಡ್ಡು ಸಿಕ್ಕಿತು. ಸರ್ ಹೇಳಿದ ಹಾಗೆ ನೋಡಿದರೆ ನನ್ನ ಆಧಾರ್ ಬೇರೆ ಖಾತೆಗೆ ಸೀಡಿಂಗ್ ಆಗಿತ್ತು. ಪಿಯುಸಿಯಲ್ಲಿ ಸಿಮ್ ತಗೊಂಡಾಗ ಅಂಗಡಿಯಲ್ಲಿ ಬೆರಳೊತ್ತು ಕೊಟ್ಟಿದ್ದೆ, ಆಗ ತೆರೆದ ಖಾತೆ ಅದು. ಅಂಥದ್ದೊಂದು ಇದೆ ಅಂತಲೇ ಗೊತ್ತಿರಲಿಲ್ಲ. ಸ್ಕಾಲರ್‌ಶಿಪ್ ಪೂರ್ತಿ ಅದರಲ್ಲಿತ್ತು. ಬ್ಯಾಂಕಿಗೆ ನಾನೇ ಹೋಗಿ, ನಾನೇ ಫಾರಂ ತುಂಬಿ ಸೀಡಿಂಗ್ ಬದಲಾಯಿಸಿದೆ. ಅಪ್ಪನಿಗೆ ಫೋನ್ ಮಾಡಿದೆ. ಅವರು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, ಊಟ ಮಾಡಿದೆಯಾ ಅಂತ ಕೇಳಿದರು.

ಶನಿವಾರ ಮಧ್ಯಾಹ್ನ ಒಂದೂವರೆಗೆ ಮರದ ಕೆಳಗೆ ಒಂಬತ್ತು ಜನ ಸೇರಿದ್ದೆವು. ಮಂಡ್ಯದ ಅಕ್ಕನಿಗೆ ಅನುಕೂಲವಾಗಲಿ ಅಂತ ಆ ಹೊತ್ತು. ಅವರೇ ನಮಗೆ ಗುಂಡಿ ಹಾಕುವುದನ್ನು ಕಲಿಸಿದರು. ದಾರ ಎರಡೆಳೆ ಮಾಡಿ, ಗಂಟು ಬಟ್ಟೆಯ ಒಳಗಡೆ ಬರಬೇಕು. ಗುಂಡಿಯ ಮೇಲೆ ಒಂದು ಬೆಂಕಿಕಡ್ಡಿ ಅಡ್ಡ ಇಟ್ಟು ಹೊಲಿಯಬೇಕು. ಆಮೇಲೆ ಕಡ್ಡಿ ತೆಗೆದರೆ ಗುಂಡಿ ಸ್ವಲ್ಪ ಸಡಿಲ ನಿಲ್ಲುತ್ತದೆ. ಆ ಸಡಿಲ ದಾರಕ್ಕೆ ಬುಡದಲ್ಲಿ ಮೂರು ಸುತ್ತು ಸುತ್ತಿ ಗಂಟು ಹಾಕಬೇಕು. ಬಿಗಿಯಾಗಿ ಹೊಲಿದರೆ ಕಾಜಾದಲ್ಲಿ ಗುಂಡಿ ಕೂರುವುದಿಲ್ಲ, ಬಟ್ಟೆ ಸುಕ್ಕಾಗುತ್ತದೆ. ನನ್ನ ನೀಲಿ ಶರ್ಟಿಗೆ ನಾನೇ ಹಾಕಿದ್ದೇನೆ. ಮೂರು ಸಲ ಒಗೆದೆ, ಗಟ್ಟಿಯಾಗಿ ಇದೆ.

ಮುಂದಿನ ವಾರ ಅಡುಗೆ. ಹಾಸ್ಟೆಲ್‌ನಲ್ಲಿ ಒಲೆ ಹಚ್ಚುವ ಹಾಗಿಲ್ಲ, ಪಡುವಾರಹಳ್ಳಿಯಲ್ಲಿ ಗೆಳೆಯರ ರೂಮಿದೆ. ಮುದ್ದೆಯಿಂದಲೇ ಶುರು ಮಾಡೋಣ ಅಂತ ಎಲ್ಲರ ಆಸೆ. ಸರಿಯಾಗಿ ಹೇಳಿಕೊಡುವವರು ಯಾರಾದರೂ ಇದ್ದೀರಾ? ಮುದ್ದೆ ಕೋಲು ಕೂಡ ಇಲ್ಲ.

ಎರಡು ಮಕ್ಕಳ ತಾಯಿ, ಮಂಡ್ಯ

ಇಷ್ಟು ದಿನ ಓದುತ್ತಾ ಇದ್ದೆ, ಇವತ್ತು ಬರೆಯುತ್ತಿದ್ದೇನೆ. ನನ್ನ ಮಗನೂ ಅಲ್ಲೇ ಎಂ.ಎಸ್‌ಸಿ. ಓದುತ್ತಿದ್ದಾನೆ.

ಕಂದಾ, ಒಂದು ಲೋಟ ಹಿಟ್ಟಿಗೆ ಎರಡು ಲೋಟ ನೀರು. ಎಸರಿಟ್ಟು ಚಿಟಿಕೆ ಉಪ್ಪು ಹಾಕಿ. ಒಂದು ಚಮಚ ಹಿಟ್ಟನ್ನು ತಣ್ಣೀರಲ್ಲಿ ಕದಡಿ ಮೊದಲೇ ಎಸರಿಗೆ ಬಿಡಿ, ಆಗ ಗಂಟಾಗುವುದು ಕಡಿಮೆ. ಎಸರು ಚೆನ್ನಾಗಿ ಉಕ್ಕುವಾಗ ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿಯಿರಿ. ಕೈಯಾಡಿಸಬೇಡಿ. ಹೊಸಬರೆಲ್ಲ ಇಲ್ಲೇ ಅವಸರ ಮಾಡುವುದು. ಕೋಲಿನಿಂದ ಗುಡ್ಡೆಯ ನಡುವೆ ಒಂದು ತೂತು ಮಾಡಿ, ಉರಿ ಸಣ್ಣ ಮಾಡಿ ಬಿಡಿ. ನೀರು ಆ ತೂತಿನಿಂದ ಮೇಲೆ ಉಕ್ಕಿ ಹಿಟ್ಟಿನ ಮೇಲೆ ಹರಿಯುತ್ತಾ ಬೇಯಿಸುತ್ತದೆ. ಐದಾರು ನಿಮಿಷ ಬೇಕು. ಆಮೇಲೆ ಪಾತ್ರೆ ಇಳಿಸಿ, ಒಬ್ಬರು ಅಲ್ಲಾಡದಂತೆ ಗಟ್ಟಿಯಾಗಿ ಹಿಡಿದುಕೊಳ್ಳಿ, ಇನ್ನೊಬ್ಬರು ತೊಳಸಿ. ಒಣಹಿಟ್ಟು ಎಲ್ಲೂ ಉಳಿಯಬಾರದು. ಬೆರಳನ್ನು ನೀರಲ್ಲಿ ಅದ್ದಿ ಮುಟ್ಟಿ ನೋಡಿ, ಅಂಟದಿದ್ದರೆ ಬೆಂದಿದೆ. ಮತ್ತೆ ಒಲೆ ಮೇಲೆ ಎರಡು ನಿಮಿಷ ಮುಚ್ಚಿಟ್ಟು, ಕೈ ಒದ್ದೆ ಮಾಡಿಕೊಂಡು ಕಟ್ಟಿ.

ಜೊತೆಗೆ ಉಪ್ಸಾರು ಮಾಡಿಕೊಳ್ಳಿ. ಕಾಳು, ಸೊಪ್ಪು ಬೇಯಿಸಿ ಬಸಿದ ನೀರು, ಅದಕ್ಕೆ ಕಾರ. ಕಾರ ಅರೆದು ಡಬ್ಬಿಗೆ ಹಾಕಿ ಕೊಡುತ್ತೇನೆ, ಮೊದಲ ಸಲ ನಿಮಗೆ ಅಂದಾಜು ಸಿಗುವುದು ಕಷ್ಟ.

ನಮ್ಮ ಮನೆಯಲ್ಲಿ ಎರಡು ಮುದ್ದೆ ಕೋಲಿದೆ. ಒಂದು ನಮ್ಮತ್ತೆ ಕಾಲದ್ದು, ಹಿಡಿ ಸವೆದು ನುಣ್ಣಗಾಗಿದೆ. ಅದನ್ನೇ ಕಳಿಸುತ್ತೇನೆ, ಕೈಗೆ ಚೆನ್ನಾಗಿ ಕೂರುತ್ತದೆ. ಶುಕ್ರವಾರ ಬೆಳಗ್ಗೆ ರೈಲಿಗೆ ದಿನಾ ಬರುವ ಆ ಹುಡುಗಿ ಸ್ಟೇಷನ್ ಹತ್ತಿರ ಸಿಕ್ಕರೆ ಅವಳ ಕೈಗೇ ಕೊಡುತ್ತೇನೆ. ಎಷ್ಟು ಜನ ಊಟಕ್ಕೆ, ಇವತ್ತು ರಾತ್ರಿಯೊಳಗೆ ಬರೆಯಿರಿ. ಅಷ್ಟಕ್ಕೆ ಕಾರ ಅರೆಯಬೇಕು.

ಮಂಡ್ಯದಿಂದ ದಿನಾ ಬರುವವಳು

ಅಮ್ಮ, ನಾನು ಬರುತ್ತೇನೆ. ಸ್ಟೇಷನ್ ಮುಂದೆ ಟಿಕೆಟ್ ಕೌಂಟರ್ ಹತ್ತಿರ ನಿಂತಿರುತ್ತೇನೆ, ಹಸಿರು ಬ್ಯಾಗ್.

ರೀಡಿಂಗ್ ರೂಮ್ ಎರಡನೇ ಬೆಂಚು

ಹನ್ನೊಂದು ಜನ ಅಮ್ಮ. ಪಾತ್ರೆ ನಾನು ಹಿಡಿದುಕೊಳ್ಳುತ್ತೇನೆ.